ಎಂಟನೆಯ ನಟ್ಟು

ಆ ಗ್ಯಾರೇಜಿಗೆ ಇದ್ದದ್ದು ಒಂದೇ ಕಾನೂನು. ಕೆಲಸ ಪೂರ್ತಿಯಾಗುವವರೆಗೆ ಗಾಡಿಯಲ್ಲಿ ಡ್ರೈವರ್ ಸೀಟು ಇರಬಾರದು. ಮೊದಲ ಬೋಲ್ಟು ಸಡಿಲಿಸುವ ಮುನ್ನ ಸೀಟನ್ನು ಕಿತ್ತು ಕೆಲಸದ ಮೇಜಿನ ಪಕ್ಕ ನಿಲ್ಲಿಸಬೇಕು. ಕೊನೆಯ ನಟ್ಟು ಬಿಗಿದವರೇ ಅದನ್ನು ಎತ್ತಿ ತಂದು ಮತ್ತೆ ಅದರ ಜಾಗದಲ್ಲಿ ಕೂರಿಸಬೇಕು. ಬ್ರೇಕು ಅರ್ಧ ಜೋಡಿಸಿದ್ದ ಗಾಡಿಯೊಂದನ್ನು ಅದರ ಯಜಮಾನ ಹಿಂದೊಮ್ಮೆ ಅವಸರದಲ್ಲಿ ಹತ್ತಿಕೊಂಡು ಹೋಗಿ ಎದುರುಮನೆಯ ಕಾಂಪೌಂಡಿಗೆ ಮುತ್ತಿಟ್ಟ ದಿನ ಮಾವ ಮಾಡಿದ ಕಾನೂನು ಇದು. ನಿಂತುಕೊಂಡು ಜೀಪು ಓಡಿಸುವ ಶೂರರು ಲೋಕದಲ್ಲಿ ಯಾರೂ ಇಲ್ಲವೆಂಬುದು ಅವರ ಧೈರ್ಯ. ಗ್ಯಾರೇಜು ಮಾವನ ಕೈಯಿಂದ ಸೊಸೆಯ ಕೈಗೆ ಬಂದ ಮೇಲೂ ಕಾನೂನು ಬದಲಾಗಿರಲಿಲ್ಲ.

ಆದ್ದರಿಂದ, ಆ ಮಧ್ಯಾಹ್ನ ಉದ್ದ ಹಿಡಿಯ ಪಾನಾವನ್ನು ಹೆಗಲ ಮೇಲೆ ಹೊತ್ತು ಗಾಳಿಯಣ್ಣನ ಬೈಕಿನಿಂದ ಇಳಿದ ಸೊಸೆ, ಜೀಪು ನಿಂತಿದ್ದ ಜಾಗ ಬರಿದಾಗಿರುವುದನ್ನು ಕಂಡು ಮೊದಲು ತಿರುಗಿದ್ದು ಬೀದಿಯ ಕಡೆಗಲ್ಲ, ಮೇಜಿನ ಕಡೆಗೆ. ಸೀಟು ಅಲ್ಲಿರಲಿಲ್ಲ.

ಹಿಂದಿನ ಚಕ್ರಗಳ ಅಚ್ಚನ್ನು ಕಮಾನುಪಟ್ಟಿಗಳಿಗೆ ಬಂಧಿಸಿಡುವ ಎಂಟು ನಟ್ಟುಗಳು ಬರಿಗೈಯಲ್ಲಿ ತಿರುಗಿಸಿದಷ್ಟೇ ಬಿಗಿಯಾಗಿದ್ದವು. ಅವನ್ನು ಬಿಗಿಯಬೇಕಾದ ಪಾನಾ ಇವಳ ಹೆಗಲ ಮೇಲಿತ್ತು. ಜೀಪು ಮಾತ್ರ ಎಲ್ಲೋ ಓಡುತ್ತಿತ್ತು.

ಜೀಪು ಮನೆಯದೇ. ಗಂಡ ಅದರಲ್ಲಿ ಗುಡ್ಡದಾಚೆಯ ಊರುಗಳಿಗೆ ಜನರನ್ನೂ ಸಾಮಾನನ್ನೂ ಸಾಗಿಸುತ್ತಿದ್ದ. ಆ ದಾರಿ ಅರ್ಧ ರಸ್ತೆ, ಅರ್ಧ ಕಲ್ಲಿನ ರಾಶಿ. ವರ್ಷಗಟ್ಟಲೆ ಹೊತ್ತ ಭಾರಕ್ಕೆ ಹಿಂದಿನ ಎರಡೂ ಕಮಾನುಗಳು ಸೋತಿದ್ದವು. ಒಂದರ ಮೇಲೊಂದು ಕೂತು ಬಿಲ್ಲಿನಂತೆ ಬಾಗಿರಬೇಕಾದ ಉಕ್ಕಿನ ಪಟ್ಟಿಗಳು ಅಡಿಕೋಲಿನಂತೆ ನೆಟ್ಟಗಾಗಿದ್ದವು; ಎಡಗಡೆಯದರಲ್ಲಿ ಒಂದು ಪಟ್ಟಿ ಬಿರುಕು ಬಿಟ್ಟು, ಜೀಪು ಸದಾ ಗೋಡೆಗೊರಗಿ ಹರಟುವವರ ಹಾಗೆ ಒಂದು ಬದಿಗೆ ವಾಲಿ ನಿಲ್ಲುತ್ತಿತ್ತು. "ಇದರಲ್ಲಿ ಮೊಸರು ಇಟ್ಟು ಕಳಿಸಿ, ಗುಡ್ಡದಾಚೆ ಬೆಣ್ಣೆ ಇಳಿಸ್ಕೊಳ್ಳಿ" ಎಂದು ಗಂಡ ಪ್ರಯಾಣಿಕರನ್ನು ನಗಿಸುತ್ತಿದ್ದ.

ಆ ನಗೆ ನಿಂತದ್ದು ಅತ್ತೆ ಬಿದ್ದ ಮೇಲೆ. ಗುಡ್ಡದಾಚೆ ಮಗಳ ಮನೆಗೆ ಹೋಗಿದ್ದ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಅಲ್ಲಿಯೇ ಆಪರೇಷನ್ ಆಯಿತು, ಮಗಳ ಮನೆಯಲ್ಲೇ ಆರೈಕೆಯೂ ನಡೆಯಿತು. ಈಗ ಡಾಕ್ಟರು ಮನೆಗೆ ಹೋಗಲು ಒಪ್ಪಿದ್ದರು, ಒಂದು ಷರತ್ತಿನ ಮೇಲೆ: ದಾರಿಯಲ್ಲಿ ದೊಡ್ಡ ಕುಲುಕು ತಗುಲಬಾರದು. ಕೂಡಿದ ಮೂಳೆ ಮತ್ತೆ ಸರಿದರೆ ಅತ್ತೆ ಇನ್ನು ನಡೆಯುವುದು ಕನಸೇ. ಆ ಗುಡ್ಡ ದಾಟುವ ಗಾಡಿ ಈ ಜೀಪೊಂದೇ. ಆದ್ದರಿಂದಲೇ ಹೊಸ ಕಮಾನುಗಳು ಬಂದವು.

ಸೊಸೆ ಅವನ್ನು ಹಿಂದಿನ ದಿನವೇ ಏರಿಸಿದ್ದಳು. ತುಕ್ಕು ತಿಂದ ಹಳೆಯ ಬೋಲ್ಟುಗಳಿಗೆ ಎಣ್ಣೆ ಕುಡಿಸಿ, ಸುತ್ತಿಗೆಯ ಮಾತಿಗೂ ಬಗ್ಗದವನ್ನು ಕತ್ತರಿಸಿ, ಹೊಸ ಕಮಾನಿನ ನಡುಬೋಲ್ಟಿನ ತಲೆ ಅಚ್ಚಿನ ಮೇಲಿನ ಕುಳಿಯಲ್ಲಿ ಸರಿಯಾಗಿ ಕೂತಿತೆಂದು ಬೆರಳಾಡಿಸಿ ನೋಡಿ, ಅಚ್ಚನ್ನು ಅಪ್ಪಿ ಹಿಡಿಯುವ ಯು-ಬೋಲ್ಟುಗಳನ್ನು ತೊಡಿಸಿದ್ದಳು. ಎಂಟು ಹೊಸ ನಟ್ಟುಗಳಲ್ಲಿ ಒಂದರ ಒಳಗಿನ ಸುರುಳಿ ಗೆರೆ, ಅಂದರೆ ಮರೆ, ಕೆಟ್ಟಿತ್ತು. ಸದ್ಯಕ್ಕಿರಲಿ ಎಂದು ಅಲ್ಲಿಗೆ ಒಂದು ಹಳೆಯ ನಟ್ಟನ್ನೇ ಉಜ್ಜಿ ಹಾಕಿದಳು. ಬಳಿಕ ಜೀಪನ್ನು ಜಾಕಿನಿಂದ ಇಳಿಸಿ, ಹೊಸ ಕಮಾನು ಭಾರಕ್ಕೆ ಒಗ್ಗಲೆಂದು ಹಿಂದೆ ಮರಳಿನ ಚೀಲಗಳನ್ನು ಹೇರಿ ರಾತ್ರಿಯೆಲ್ಲ ಹಾಗೆಯೇ ಬಿಟ್ಟಳು. ಕಮಾನಿನ ಕೊನೆಯ ಬಿಗಿತ ಗಾಡಿ ತನ್ನ ಕಾಲ ಮೇಲೆ ನಿಂತಾಗಲೇ ಆಗಬೇಕು. ಜಾಕಿನ ಮೇಲಿರುವಾಗ ಬಿಗಿದರೆ ಒಳಗಿನ ರಬ್ಬರು ಬುಷ್ಷುಗಳು ತಿರುಚಿಕೊಂಡು ಬೇಗನೆ ಹರಿಯುತ್ತವೆ. ಬೆಳಿಗ್ಗೆ ಚೀಲಗಳನ್ನು ಇಳಿಸಿದ ಮೇಲೆ ಉಳಿದದ್ದು ಆ ಬಿಗಿತವೊಂದೇ. ಅದಕ್ಕೆ ಬೇಕಾದ ಗ್ಯಾರೇಜಿನ ಉದ್ದ ಪಾನಾವನ್ನು ಗಾಳಿಯಣ್ಣ ಕಡ ಒಯ್ದಿದ್ದ.

ಗಾಳಿಯಣ್ಣನಿಗೆ ಬೀದಿಯ ತಿರುವಿನಲ್ಲಿ ಟೈರಿನ ಅಂಗಡಿ. ಹೆಸರಿಗೆ ಅಣ್ಣ, ವಯಸ್ಸಿನಲ್ಲಿ ಸೊಸೆಗಿಂತ ಕಿರಿಯ. ಗಾಳಿ ತುಂಬುವುದು ಅವನ ಕಸುಬು, ಗಾಳಿಮಾತು ಅವನ ಹವ್ಯಾಸ. ಪಾನಾ ತರಲು ಸೊಸೆ ನಡೆದೇ ಹೋದಳು. ಗ್ರೀಸು ತಾಗುತ್ತದೆಂದು ಫೋನನ್ನು ಎಂದಿನಂತೆ ಗ್ಯಾರೇಜಿನ ಗೂಡಿನಲ್ಲೇ ಬಿಟ್ಟಿದ್ದಳು. ಅಂಗಡಿಯಲ್ಲಿ ಪಾನಾ ಇರಲಿಲ್ಲ. ಗಾಳಿಯಣ್ಣ ಅದನ್ನು ಲಾರಿ ತೂಗುವ ವೇಬ್ರಿಡ್ಜಿನ ಬಳಿ ಕೆಟ್ಟು ನಿಂತ ಲಾರಿಯವನಿಗೆ ಕೊಟ್ಟಿದ್ದ. ಇಬ್ಬರೂ ಬೈಕಿನಲ್ಲಿ ಅಲ್ಲಿಗೆ ಹೋದರೆ ಲಾರಿಯ ಚಕ್ರ ಇನ್ನೂ ಬಿಚ್ಚಿಯೇ ಇತ್ತು. ಕೊಟ್ಟ ಪಾನಾವನ್ನು ಕೆಲಸದ ನಡುವೆ ಕಿತ್ತುಕೊಳ್ಳುವುದು ಕಸುಬಿನವರು ಮಾಡುವ ಕೆಲಸವಲ್ಲ. ಚಕ್ರ ಕೂರುವವರೆಗೆ ಕಾದು, ಕೈ ಕೊಟ್ಟು, ಹಿಂತಿರುಗುವಷ್ಟರಲ್ಲಿ ಊಟದ ಹೊತ್ತು ದಾಟಿತ್ತು.

ಈಗ ಅವಳು ಗೂಡಿಗೆ ಕೈ ಹಾಕಿ ಫೋನು ತೆಗೆದಳು. ಗಂಡ ಪದೇ ಪದೇ ಕರೆದಿದ್ದ. ತಿರುಗಿ ಕರೆದರೆ ಅವನ ಫೋನು ಸಿಗಲಿಲ್ಲ. ಕಲ್ಲುಕ್ವಾರಿ ದಾಟಿದರೆ ಆ ದಾರಿಯಲ್ಲಿ ಸಿಗ್ನಲ್ಲಿನ ಆಸೆಯನ್ನೇ ಬಿಡಬೇಕು. ಮನೆಯೊಳಗೆ ಕೂಗಿದಳು. ಉತ್ತರವಿಲ್ಲ. ಮಾವನ ಕುರ್ಚಿಯೂ ಖಾಲಿ.

ಮಾವನ ಕುರ್ಚಿ ಇದ್ದದ್ದು ಗ್ಯಾರೇಜಿನ ಹೊಸ್ತಿಲಾಚೆ. ಅವರಿಗೆ ಇತ್ತೀಚೆಗೆ ಕಣ್ಣಿನ ಆಪರೇಷನ್ ಆಗಿತ್ತು. ಬಗ್ಗಕೂಡದು, ಭಾರ ಎತ್ತಕೂಡದು ಎಂದಿದ್ದರು ಡಾಕ್ಟರು. ಹೇಳಿದ್ದನ್ನು ಕೇಳುವ ಜಾತಿಯ ಮುದುಕರಲ್ಲ ಅವರು. ಆದ್ದರಿಂದ ಸೊಸೆ ಹೊಸ್ತಿಲಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಇದನ್ನು ದಾಟಿದರೆ ಅತ್ತೆಗೆ ಫೋನು ಮಾಡುತ್ತೇನೆ ಎಂದು ಹೆದರಿಸಿದ್ದಳು. ಅಂದಿನಿಂದ ಮಾವ ಕಪ್ಪು ಕನ್ನಡಕ ಹಾಕಿಕೊಂಡು, ಗಡಿ ಕಾಯುವ ಸಿಪಾಯಿಯಂತೆ ಗೆರೆಯ ಆಚೆ ಕೂತು, ಸುತ್ತಿಗೆಯ ಸದ್ದು ಕೇಳಿಯೇ ಏಟು ಎಲ್ಲಿ ತಪ್ಪಿತೆಂದು ಹೇಳುತ್ತಿದ್ದರು.

ಅಂಗಳದಲ್ಲಿ ಬೆಳಿಗ್ಗೆ ಒಗೆದು ಹರವಿದ್ದ ಬಟ್ಟೆಗಳು ಹಗ್ಗ ಜೋತುಬಿದ್ದು ಮಣ್ಣಿಗೆ ತಾಗುತ್ತಿದ್ದವು. ಯಾವ ನಾಯಿ ಎಳೆದು ಹೋಯಿತೋ ಎಂದು ಒಂದು ಕ್ಷಣ ರೇಗಿದ ಸೊಸೆ, ಅದರ ಕಡೆ ಮತ್ತೆ ಗಮನ ಕೊಡದೆ ನಾದಿನಿಗೆ ಕರೆ ಮಾಡಿದಳು.

ನಾದಿನಿಯ ದನಿಯಲ್ಲಿ ಸಂತೋಷ ತುಳುಕುತ್ತಿತ್ತು. ಬೆಳಿಗ್ಗೆ ಅವಳೇ ಅಣ್ಣನಿಗೆ ಫೋನು ಮಾಡಿದ್ದಳಂತೆ. ಗುಡ್ಡದ ನೆತ್ತಿಯಲ್ಲಿ ಬಂಡೆ ಒಡೆಯುವವರು ಸಂಜೆಯಿಂದ ರಸ್ತೆ ಮುಚ್ಚುತ್ತಾರೆ, ಮತ್ತೆ ತೆರೆಯುವುದು ಯಾವಾಗಲೋ ಗೊತ್ತಿಲ್ಲ, ಅಮ್ಮನನ್ನು ಕರೆದೊಯ್ಯುವುದಾದರೆ ಇವತ್ತೇ ಬಾ ಎಂದಿದ್ದಳಂತೆ.

"ಈಗ ತಾನೇ ಹೊರಟ್ರು ಅತ್ತಿಗೆ. ಅಮ್ಮನಿಗೆ ಹಿಂದೆ ಹಾಸಿಗೆ ಹಾಸಿ ಮಲಗಿಸಿದ್ವಿ. ಅಪ್ಪನೂ ಬಂದಿದ್ರು, ಸಿನಿಮಾ ಹೀರೋ ಥರ ಕಪ್ಪು ಕನ್ನಡಕ ಹಾಕ್ಕೊಂಡು. ಜೀಪು ಎಷ್ಟು ಚೆನ್ನಾಗಿ ಆಗಿದೆ ಅತ್ತಿಗೆ. ಅಮ್ಮ ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು."

ನಿನ್ನಣ್ಣ ಏನಾದರೂ ಹೇಳಿದರೇ ಎಂದು ಸೊಸೆ ಕೇಳಿದಳು. ನಾದಿನಿ ನಕ್ಕಳು.

"ನಿಮ್ಮನ್ನ ಕೇಳದೆ ಹೊರಟಿದ್ದಕ್ಕೆ ಬೈತೀರೇನೋ ಅಂತ ಹೆದರ್ತಿದ್ದ. ಸೀಟು ಕೂತಿತ್ತಲ್ಲ, ಅದಕ್ಕೇ ಹೊರಟೆ ಅಂದ."

ಗಂಡನ ತಪ್ಪಿಲ್ಲ. ಸೀಟು ಕೂತಿದ್ದರೆ ಕೆಲಸ ಮುಗಿದಿದೆಯೆಂದೇ ಅರ್ಥ. ಆ ಮನೆಯಲ್ಲಿ ಅದನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ. ಆದರೆ ಸೀಟು ಕೂರಿಸಿದವರು ಯಾರು? ಯಾರಾದರೂ ಗುಡಿಸಲೆಂದು ಎತ್ತಿಟ್ಟರೇ? ಯೋಚಿಸುತ್ತ ನಿಲ್ಲಲು ಸಮಯವಿರಲಿಲ್ಲ. ಅವಳ ಕಣ್ಣ ಮುಂದೆ ಇದ್ದದ್ದು ಬೇರೆಯದೇ ಚಿತ್ರ. ಏರುವಾಗ ಜೀಪು ಹೇಗೋ ತಡೆದಿರಬಹುದು. ಇಳಿಜಾರಿನಲ್ಲಿ, ಒಂದರ ಹಿಂದೊಂದು ಬರುವ ತಿರುವುಗಳಲ್ಲಿ, ಬ್ರೇಕು ಒತ್ತಿದಾಗಲೆಲ್ಲ ಅಚ್ಚು ತನ್ನ ಕುಳಿ ಬಿಟ್ಟು ಜಾರಲು ಎಳೆಯುತ್ತದೆ. ಸಡಿಲ ನಟ್ಟು ಪ್ರತಿ ಗುಂಡಿಗೂ ಒಂದಿಷ್ಟು ಬಿಚ್ಚಿಕೊಳ್ಳುತ್ತದೆ. ಕೊನೆಗೊಮ್ಮೆ ಅಚ್ಚು ಓರೆಯಾದರೆ ಚಕ್ರಗಳು ತಾವು ನೋಡಿದ ದಿಕ್ಕಿಗೆ ಹೋಗುತ್ತವೆ, ಸ್ಟೇರಿಂಗು ಹೇಳಿದ ದಿಕ್ಕಿಗಲ್ಲ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಪಾತಾಳ. ಹಿಂದೆ ಹಾಸಿಗೆಯ ಮೇಲೆ ಅತ್ತೆ.

ಬೀದಿಯಲ್ಲಿ ಇನ್ನೂ ಬೈಕಿನ ಮೇಲೆಯೇ ಕೂತು, ಲಾರಿಯವನ ವಂಶವೃತ್ತಾಂತವನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಗಾಳಿಯಣ್ಣ ಅವಳ ಮುಖ ನೋಡಿ ಬೈಕನ್ನು ತಿರುಗಿಸಿದ.

"ಗುಡ್ಡಕ್ಕೆ ನಡಿ," ಎಂದಳು ಸೊಸೆ. "ಎಂಟೂ ನಟ್ಟು ಸಡಿಲ ಇದೆ."

ಅವನು ಕಿಕ್ಕರ್ ಒದ್ದ. ಬೈಕು ಹೊರಟ ಮೇಲೆ ಒಂದು ಮಾತು ಮಾತ್ರ ಆಡಿದ.

"ಅಕ್ಕಾ, ಲಾರಿಯವನಿಗೆ ಪಾನಾ ಕೊಟ್ಟಿದ್ದು ನಾನು."

"ನಿನಗೆ ಕೊಟ್ಟಿದ್ದು ನಾನು. ರಸ್ತೆ ನೋಡು."

ಕ್ವಾರಿಯವರೆಗೆ ಡಾಂಬರು ಇತ್ತು. ಅಲ್ಲಿಂದ ಮುಂದೆ ಬೈಕು ಕಲ್ಲಿನಿಂದ ಕಲ್ಲಿಗೆ ಹಾರತೊಡಗಿತು. ಹೆಗಲ ಮೇಲಿನ ಪಾನಾ ಪ್ರತಿ ನೆಗೆತಕ್ಕೂ ಸೊಸೆಯ ಕತ್ತಿನ ಮೂಳೆಗೆ ಬಡಿಯುತ್ತಿತ್ತು. ಅವಳ ಕಣ್ಣು ರಸ್ತೆಯ ಮೇಲೆಯೇ ನೆಟ್ಟಿತ್ತು; ಬೇಡವೆಂದು ಹಾರೈಸುತ್ತಲೇ ಅವಳು ಏನನ್ನೋ ಹುಡುಕುತ್ತಿದ್ದಳು.

ಎರಡನೆಯ ತಿರುವಿನಲ್ಲಿ ಅದು ಸಿಕ್ಕಿತು.

"ನಿಲ್ಸು," ಎಂದಳು. ಬೈಕು ನಿಲ್ಲುವ ಮೊದಲೇ ಇಳಿದು ನಾಲ್ಕು ಹೆಜ್ಜೆ ಹಿಂದೆ ಓಡಿ, ಚಕ್ರದ ದಾರಿಯ ಪಕ್ಕ ಧೂಳಿನಲ್ಲಿ ಬಿದ್ದಿದ್ದ ನಟ್ಟನ್ನು ಎತ್ತಿಕೊಂಡಳು. ದಪ್ಪ ನಟ್ಟು. ಹಳೆಯದು. ಮೈಯ ತುಕ್ಕನ್ನು ಕಬ್ಬಿಣದ ಬ್ರಷ್ಷಿನಿಂದ ಉಜ್ಜಿದ ಗೆರೆಗಳು ಹೊಸದಾಗಿದ್ದವು. ಒಂದು ಮೂಲೆಯಲ್ಲಿ ಪಾನಾ ಜಾರಿ ಸವೆದ ಗುರುತು. ಆ ಗುರುತನ್ನು ಹಿಂದಿನ ದಿನ ಅವಳ ಹೆಬ್ಬೆರಳು ಸವರಿತ್ತು.

"ಬಂಡೆ ಒಡೆಯೋರ ಲಾರಿದು ಇರ್ಬಹುದು ಅಕ್ಕಾ. ಈ ದಾರಿಯಲ್ಲಿ ಬೀಳದೆ ಇರೋ ಸಾಮಾನು ಯಾವುದಿದೆ?" ಎಂದ ಗಾಳಿಯಣ್ಣ, ತನಗೇ ನಂಬಿಕೆಯಿಲ್ಲದ ದನಿಯಲ್ಲಿ.

"ನಾನೇ ಉಜ್ಜಿದ್ದು," ಎಂದಳು ಅವಳು. ನಟ್ಟನ್ನು ಜೇಬಿಗೆ ಹಾಕಿಕೊಂಡಳು. ಏರುವಾಗಲೇ ಒಂದು ಬಿದ್ದಿದೆ. ಇನ್ನು ಉಳಿದವು ಏಳು.

ಮುಂದೆ ಒಂದು ತೊರೆ ರಸ್ತೆಯನ್ನು ಅಡ್ಡ ದಾಟುತ್ತದೆ. ಅದರ ದಡದ ಕೆಸರಿನಲ್ಲಿ ಬೆಳಿಗ್ಗೆ ಏರಿಹೋದ ಜೀಪಿನ ಅಚ್ಚೊತ್ತಿದ ಜಾಡು ಇನ್ನೂ ಹಸಿಯಾಗಿತ್ತು. ಸೊಸೆ ಮತ್ತೆ ಇಳಿದು ಮಂಡಿಯೂರಿದಳು. ಹಿಂದಿನ ಅಚ್ಚು ಓರೆಯಾದ ಗಾಡಿ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತದೆ. ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡನ್ನು ಬಿಟ್ಟು ಪಕ್ಕದಲ್ಲಿ ಬೇರೆ ಗೆರೆ ಎಳೆಯುತ್ತವೆ. ಇಲ್ಲಿ ಜಾಡು ಒಂದೇ ಇತ್ತು. ಮುಂದಿನದರ ಮೇಲೆ ಹಿಂದಿನದು, ಅಕ್ಷರದ ಮೇಲೆ ಅಕ್ಷರ ತಿದ್ದಿದಂತೆ, ನೆಟ್ಟಗೆ ಬಿದ್ದಿತ್ತು. ಇಲ್ಲಿಯವರೆಗೆ ಅಚ್ಚು ಜಾರಿಲ್ಲ. ಆದರೆ ಇದು ಬೆಳಗಿನ ಜಾಡು; ನಟ್ಟು ಕಳೆದುಕೊಂಡ ಬೋಲ್ಟು ಆಮೇಲೆ ಇಡೀ ಗುಡ್ಡ ದಾಟಿ ಹೋಗಿದೆ, ಈಗ ಭಾರ ಹೊತ್ತು ಹಿಂತಿರುಗುತ್ತಿದೆ.

ನೆತ್ತಿಗೆ ಇನ್ನೂ ಅರ್ಧ ದಾರಿ ಇರುವಾಗ ಗಾಳಿಯಣ್ಣ ತಲೆಯೆತ್ತಿ ತೋರಿಸಿದ. ಮೇಲೆ, ಬಂಡೆಯನ್ನು ಕೊರೆದು ಮಾಡಿದ ರಸ್ತೆಯ ತುದಿಯಲ್ಲಿ, ಹಸಿರು ಬಣ್ಣದ ಚುಕ್ಕೆಯೊಂದು ಚಲಿಸುತ್ತಿತ್ತು.

ಜೀಪು ಇಳಿಯಲು ಶುರುಮಾಡಿತ್ತು.

ಸೊಸೆ ಕುತ್ತಿಗೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ, ರಸ್ತೆಯ ಅಂಚಿಗೆ ಹೋಗಿ ಎರಡೂ ಕೈಗಳಿಂದ ಬೀಸಿದಳು. ನಿಲ್ಲಿಸಿ ಎಂದು ಕೂಗಿದಳು. ಗಾಳಿ ಆ ಕೂಗನ್ನು ಕೆಳಗಿನ ಕಣಿವೆಗೆ ಒಯ್ದಿತು. ಮೇಲೆ ಜೀಪು ಒಂದು ಕ್ಷಣ ನಿಧಾನಿಸಿದಂತೆ ಕಂಡಿತು. ಡ್ರೈವರಿನ ಕಿಟಕಿಯಿಂದ ಒಂದು ಕೈ ಹೊರಬಂತು. ಆ ಕೈ ಹುರುಪಿನಿಂದ ಅವಳಿಗೆ ಟಾಟಾ ಮಾಡಿತು. ಹಾರನ್ನು ಎರಡು ಸಲ ಬಾರಿಸಿ ಜೀಪು ತಿರುವಿನ ಹಿಂದೆ ಮರೆಯಾಯಿತು.

"ಭಾವ ಎದುರುಗೊಳ್ಳೋಕೆ ಬಂದಿದ್ದೀವಿ ಅಂದ್ಕೊಂಡ್ರು ಅಕ್ಕಾ," ಎಂದ ಗಾಳಿಯಣ್ಣ. ಆ ಮಾತಿಗೆ ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು.

ಇನ್ನು ಮೇಲಕ್ಕೆ ಹೋಗುವುದರಲ್ಲಿ ಅರ್ಥವಿರಲಿಲ್ಲ. ಕಿರಿದಾದ ತಿರುವಿನಲ್ಲಿ ಎದುರಾದರೆ ಗಂಡ ಹಠಾತ್ತನೆ ಬ್ರೇಕು ಒತ್ತಬೇಕಾಗುತ್ತದೆ. ಇವಳಿಗೆ ಭಯವಿದ್ದದ್ದೇ ಬ್ರೇಕಿನದು. ರಸ್ತೆ ಸ್ವಲ್ಪ ಸಮತಟ್ಟಾಗಿ ಅಗಲವಾಗುವ ಜಾಗದಲ್ಲಿ ಬೈಕನ್ನು ಓರೆಯಾಗಿ ನಿಲ್ಲಿಸಿ, ದೂರದಿಂದಲೇ ಕಾಣುವಂತೆ ಅದರ ಮೇಲೆ ಬಟ್ಟೆ ಹರವಿ, ಇಬ್ಬರೂ ರಸ್ತೆಯ ನಡುವೆ ನಿಂತರು.

ಎಂಜಿನ್ನಿನ ಸದ್ದು ಒಂದು ತಿರುವಿನಲ್ಲಿ ಕೇಳಿಸುತ್ತಿತ್ತು, ಮುಂದಿನ ತಿರುವಿನಲ್ಲಿ ಬಂಡೆ ಅದನ್ನು ನುಂಗುತ್ತಿತ್ತು. ಸೊಸೆ ಕಿವಿಯಾಗಿ ನಿಂತಳು. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ಬರುತ್ತಿದೆಯೇ? ಇಲ್ಲ. ಒಮ್ಮೆ ಸಣ್ಣ ಕಲ್ಲುಗಳು ಉರುಳಿ ಬಿದ್ದವು. ಆಮೇಲೆ ಎಂಜಿನ್ನಿನ ಸದ್ದು ಪೂರ್ತಿ ನಿಂತುಹೋಯಿತು.

ಸದ್ದು ಮತ್ತೆ ಬರಲಿಲ್ಲ. ಸೊಸೆ ಜೇಬಿನೊಳಗಿನ ನಟ್ಟನ್ನು ಮುಷ್ಟಿಯಲ್ಲಿ ಹಿಡಿದು ತಿರುವಿನ ಕಡೆ ಓಡತೊಡಗಿದಳು.

ಅವಳು ತಿರುವು ಮುಟ್ಟುವ ಮೊದಲೇ ಬಂಡೆಯ ಮರೆಯಿಂದ ಜೀಪಿನ ಮೂತಿ ಕಾಣಿಸಿತು. ಎಂಜಿನ್ನಿನ ಗೊರಗೊರ ಮತ್ತೆ ಕೇಳಿಸಿತು. ಅದನ್ನು ಅಷ್ಟು ಹೊತ್ತು ಮರೆಮಾಡಿದ್ದು ಬಂಡೆ. ಜೀಪು ಗುಂಡಿಯೊಂದಕ್ಕೆ ಇಳಿದು, ತೊಟ್ಟಿಲಿನಂತೆ ಒಂದೇ ಸಲ ತೂಗಿ, ಸಮವಾಗಿ ಮೇಲೆದ್ದು ಬಂತು. ಯಾವ ಬದಿಗೂ ವಾಲಿರಲಿಲ್ಲ. ಬೈಕನ್ನು ಕಂಡು ಗಂಡ ಮೆಲ್ಲಗೆ ನಿಲ್ಲಿಸಿ, ನಗುತ್ತ ತಲೆ ಹೊರಹಾಕಿದ.

ಅಷ್ಟರಲ್ಲಿ ಹೆಂಡತಿ ಚಕ್ರ ಉರುಳದಂತೆ ಒಂದು ಕಲ್ಲನ್ನು ಒದ್ದು ಅಡ್ಡ ಕೊಟ್ಟು, ಪಾನಾ ಸಮೇತ ಜೀಪಿನ ಹಿಂಭಾಗದ ಕೆಳಗೆ ನುಸುಳಿದ್ದಳು.

ಎಡಗಡೆಯ ಮೊದಲ ನಟ್ಟಿಗೆ ಪಾನಾ ಕೊಟ್ಟು ಮೈಭಾರ ಹಾಕಿದಳು. ನಟ್ಟು ಅಲ್ಲಾಡಲಿಲ್ಲ. ತಪ್ಪು ನಟ್ಟಿಗೆ ಕೊಟ್ಟೆನೇನೋ ಎಂದು ಕೈಯಿಂದ ಸವರಿ ನೋಡಿದಳು. ಸರಿಯಾದದ್ದೇ. ಎರಡನೆಯದಕ್ಕೆ ಕೊಟ್ಟಳು. ಅದೂ ಕಲ್ಲು. ಮೂರು, ನಾಲ್ಕು. ಬಲಗಡೆಗೆ ತೆವಳಿದಳು. ಅಲ್ಲಿಯೂ ಅಷ್ಟೇ, ಪಾನಾ ನರಳಿತೇ ಹೊರತು ನಟ್ಟು ಮಿಸುಕಲಿಲ್ಲ. ಉಳಿದದ್ದು ಹಿಂಬದಿಯ ಮೂಲೆಯದು, ಎಂಟನೆಯದು. ಹಳೆಯ ನಟ್ಟು ಹಾಕಿದ್ದ ಜಾಗ. ಅಲ್ಲಿ ಬೋಲ್ಟಿನ ಬರಿಯ ಮರೆ ಕಾಣುತ್ತದೆಂದು ಕಣ್ಣು ಹಾಯಿಸಿದವಳಿಗೆ ಕಂಡದ್ದು ಒಂದು ಹೊಸ ನಟ್ಟು. ಬೆಳ್ಳಗೆ ಹೊಳೆಯುತ್ತ, ಬೋಲ್ಟಿನ ತುದಿ ಹೊರಗಿಣುಕುವಷ್ಟು ಬಿಗಿಯಾಗಿ ಕೂತಿತ್ತು.

ಸೊಸೆ ಪಾನಾವನ್ನು ಎದೆಯ ಮೇಲಿಟ್ಟುಕೊಂಡು ರಸ್ತೆಯ ಧೂಳಿನಲ್ಲಿ ಹಾಗೆಯೇ ಮಲಗಿದಳು. ಹೊಸ ನಟ್ಟನ್ನು ಇನ್ನೊಮ್ಮೆ ಬೆರಳಿನಿಂದ ಸವರಿದಳು.

ಮೇಲಿನಿಂದ ಅತ್ತೆಯ ದನಿ ಕೇಳಿಸಿತು. "ಯಾಕೆ ಕಣೇ, ರಸ್ತೆ ಮಧ್ಯೆ ಜೀಪಿನ ಕೆಳಗೆ ಮಲಗಿದ್ದೀಯಾ? ಹಾಸಿಗೆ ಬೇಕಿದ್ರೆ ಇಲ್ಲಿ ಜಾಗ ಇದೆ ಬಾ."

"ನೀವು ಹೇಗಿದ್ದೀರಾ ಅತ್ತೆ?"

"ಹಾಯಾಗಿ ನಿದ್ದೆ ಮಾಡ್ಕೊಂಡು ಬರ್ತಿದ್ದೆ. ನೀನು ಎಬ್ಬಿಸಿದೆ."

ಸೊಸೆ ಹೊರಗೆ ಬಂದು ಬಟ್ಟೆಯ ಧೂಳನ್ನೂ ಕೊಡವದೆ ಜೀಪಿನ ಹಿಂದೆ ಇಣುಕಿದಳು. ಅತ್ತೆಯ ಹಾಸಿಗೆಯ ಪಕ್ಕದಲ್ಲಿ ಉದ್ದನೆಯ ಕಬ್ಬಿಣದ ಪೈಪೊಂದು ಮಲಗಿತ್ತು. ಅಂಗಳದಲ್ಲಿ ಬಟ್ಟೆ ಹಗ್ಗ ಜೋಲದಂತೆ ನಡುವೆ ಕೊಟ್ಟಿದ್ದ ಊರುಗೋಲು ಅದು. ಅದಕ್ಕೂ ಹಿಂದೆ, ಉದ್ದ ಪಾನಾ ಕೊಳ್ಳುವ ಮೊದಲಿನ ಕಾಲದಲ್ಲಿ, ಗಿಡ್ಡ ಪಾನಾದ ಹಿಡಿಗೆ ತೊಡಿಸಿ ನಟ್ಟು ಬಿಗಿಯಲು ಮಾವ ಬಳಸುತ್ತಿದ್ದ ಪೈಪು. ಪೈಪಿನ ಪಕ್ಕ ಜೀಪಿನ ನೆಲದ ತಗಡು ತುಕ್ಕು ಹಿಡಿದು, ಒಂದು ನಟ್ಟು ಸಲೀಸಾಗಿ ಜಾರುವಷ್ಟು ತೂತಾಗಿತ್ತು.

ಅವಳು ನಿಧಾನವಾಗಿ ಮುಂದಿನ ಸೀಟಿನ ಕಡೆ ತಿರುಗಿದಳು. ಕಪ್ಪು ಕನ್ನಡಕದ ಮಾವ ಕಣಿವೆಯ ಸೌಂದರ್ಯವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು.

"ಮಾವಾ, ಗೆರೆ ದಾಟಿದ್ರಾ?"

ಮಾವ ಬಾಯಿ ಬಿಟ್ಟರು. ರಸ್ತೆ ಮುಚ್ಚುತ್ತದೆಂಬ ಸುದ್ದಿ ಬಂದ ಮೇಲೆ ಮಗ ಸ್ನಾನ ಮಾಡಿ ಬಟ್ಟೆ ಬದಲಿಸಲು ಒಳಗೆ ಹೋದನಂತೆ. ಸೊಸೆ ಬರುವ ಸೂಚನೆಯಿರಲಿಲ್ಲ. ಹೆಂಡತಿ ಇನ್ನೂ ಎಷ್ಟು ದಿನ ಮಗಳ ಮನೆಯಲ್ಲಿ ಇರಬೇಕೋ ಎಂಬ ಯೋಚನೆ ಬಂತಂತೆ. ಆಮೇಲೆ ಕಾಲು ತಾನಾಗಿ ಗೆರೆ ದಾಟಿತಂತೆ.

"ಡಾಕ್ಟ್ರು ಬಗ್ಗಬೇಡಿ ಅಂದಿದ್ರಲ್ಲ," ಎಂದಳು ಸೊಸೆ.

"ಬಗ್ಗಲಿಲ್ಲ ಕಣಮ್ಮಾ. ಮಲಗಿದೆ."

"ಭಾರ ಎತ್ತಬೇಡಿ ಅಂದಿದ್ರು."

"ಎತ್ತಲಿಲ್ಲ. ಪೈಪಿನ ಮೇಲೆ ಕಾಲಿಟ್ಟು ಒತ್ತಿದೆ. ಸೀಟನ್ನ ಹಲಗೆ ಮೇಲೆ ಜಾರಿಸಿ ಕೂರಿಸಿದೆ." ಮಾವ ಕನ್ನಡಕವನ್ನು ಸರಿಪಡಿಸಿಕೊಂಡರು. "ಕಣ್ಣು ಮುಚ್ಕೊಂಡೇ ಮಾಡಿದೆ. ನಟ್ಟು ಬಿಗಿಯೋಕೆ ಕಣ್ಣು ಯಾಕೆ? ಒಂದು ಕಡೆ ಮುದುಕ ನಟ್ಟು ಬೆರಳಿಗೆ ಸಿಕ್ತು. ಹೊಸ ಬೋಲ್ಟಿಗೆ ಹಳೇ ನಟ್ಟು ಕಟ್ಟಿದರೆ ಸಂಸಾರ ನಡಿಯುತ್ತಾ? ನನ್ನ ಡಬ್ಬೀಲಿ ಹುಡುಕಿ ಬೇರೆ ಹಾಕಿದೆ. ಹಳೇದನ್ನ ಜೀಪಿನ ಹಿಂಭಾಗದೊಳಗೆ ಎಸೆದೆ."

ಸೊಸೆ ಜೇಬಿನಿಂದ ಹಳೆಯ ನಟ್ಟನ್ನು ತೆಗೆದು ಅವರ ಅಂಗೈಯಲ್ಲಿ ಇಟ್ಟಳು. ಮಾವ ಹೆಬ್ಬೆರಳಿನಿಂದ ಸವರಿ, ಇದೇ ಎಂದು ತಲೆಯಾಡಿಸಿದರು. ತನ್ನನ್ನು ಗುಡ್ಡದುದ್ದಕ್ಕೂ ಕೊಂದ ಆ ನಟ್ಟು, ಎಲ್ಲ ಸರಿಯಾಗಿದೆ ಎಂದು ಹೇಳಲು ಬಿದ್ದಿತ್ತೆಂದು ಅವಳಿಗೆ ಈಗ ಅರ್ಥವಾಯಿತು.

ಅಷ್ಟರಲ್ಲಿ ಗಂಡನಿಗೂ ವಿಷಯ ತಿಳಿದಿತ್ತು. ಅಪ್ಪ ಒಂದು ಮಾತು ಹೇಳಬಾರದಿತ್ತೇ ಎಂದು ಅವನು ಕೇಳಿದ. ಕೆಲಸ ಆಯಿತಾ ಎಂದು ತಾನು ಕೇಳಿದಾಗ ಅಪ್ಪ ಹೇಳಿದ್ದು ಇಷ್ಟೇ ಎಂದು ಹೆಂಡತಿಗೆ ದೂರು ಕೊಟ್ಟ: ಸೀಟು ಕೂತಿದೆ ನೋಡು.

"ನಟ್ಟು ಬಿಗಿದೆ ಅಂದ್ರೆ ಗೆರೆ ದಾಟಿದೆ ಅಂತಾನೂ ಹೇಳ್ಬೇಕಾಗ್ತಿತ್ತು," ಎಂದರು ಮಾವ. "ಇವಳು ಅತ್ತೆಗೆ ಫೋನ್ ಮಾಡ್ತಿದ್ಲು."

ಹಾಸಿಗೆಯಿಂದ ಅತ್ತೆ, ಫೋನು ಯಾಕೆ ಬೇಕು, ನಾನು ಇಲ್ಲೇ ಇದ್ದೇನೆ, ಮನೆಗೆ ಬನ್ನಿ ಎಂದರು. ಮಾವ ಮತ್ತೆ ಕಣಿವೆಯ ಕಡೆ ತಿರುಗಿದರು. ಈ ಬಾರಿ ತಮಾಷೆಯಿಲ್ಲದ ದನಿಯಲ್ಲಿ, ಸೊಸೆಗೆ ಮಾತ್ರ ಕೇಳಿಸುವಂತೆ ಹೇಳಿದರು:

"ಮೇಜಿನ ಹತ್ರ ಸೀಟು ಇಲ್ಲದ್ದು ನೋಡಿ ಯಾರೋ ತಪ್ಪು ಮಾಡಿದ್ರು ಅಂದ್ಕೊಂಡೆ ನೀನು. ಯಾರೋ ಕೆಲಸ ಮುಗಿಸಿದ್ರು ಅಂತ ನಿನಗೆ ಅನ್ನಿಸಲೇ ಇಲ್ವಲ್ಲಮ್ಮ."

ಕೊನೆಯ ನಟ್ಟು ಬಿಗಿದವರೇ ಸೀಟು ಕೂರಿಸಬೇಕು. ಮಾವ ತಾವು ಮಾಡಿದ ಕಾನೂನನ್ನು ಅಕ್ಷರಶಃ ಪಾಲಿಸಿದ್ದರು. ಆ ಗ್ಯಾರೇಜಿನಲ್ಲಿ ಕೊನೆಯ ನಟ್ಟು ಬಿಗಿಯಬಲ್ಲ ಕೈ ತನ್ನದೊಂದೇ ಎಂದು ಇವಳು ಯಾವಾಗಿನಿಂದ ನಂಬಿದ್ದಳೋ ಇವಳಿಗೇ ತಿಳಿಯದು.

"ಕನ್ನಡಕ ತೆಗೀರಿ," ಎಂದಳು. ಮಾವ ತೆಗೆದರು. ಅವಳು ಬಾಗಿ ಆಪರೇಷನ್ ಆದ ಕಣ್ಣನ್ನು ಬೆಳಕಿನಲ್ಲಿ ನೋಡಿದಳು. ಕೆಂಪಾಗಿರಲಿಲ್ಲ, ನೀರೂ ಸುರಿಯುತ್ತಿರಲಿಲ್ಲ. ನೋವು ಇದೆಯೇ ಎಂದು ಕೇಳಿದಳು. ಇಲ್ಲ ಎಂದರು. ನಾಳೆ ಡಾಕ್ಟರ ಹತ್ತಿರ ಹೋಗುವುದು, ಅಲ್ಲಿ ಮಲಗಿದ್ದನ್ನೂ ಒತ್ತಿದ್ದನ್ನೂ ತಾವೇ ಹೇಳುವುದು ಎಂದು ಷರತ್ತು ಹಾಕಿದಳು. ಮಾವ ಮರುಮಾತಾಡದೆ ಒಪ್ಪಿದರು.

ಉಳಿದ ದಾರಿಯನ್ನು ಸೊಸೆ ಜೀಪಿನ ಹಿಂದೆ, ಅತ್ತೆಯ ಪಕ್ಕದಲ್ಲಿ ಕೂತು ಬಂದಳು. ಗಾಳಿಯಣ್ಣ ಬೈಕಿನಲ್ಲಿ ಮುಂದೆ ಹೋಗುತ್ತ, ಎದುರು ಬಂದವರಿಗೆಲ್ಲ ಕಥೆಯ ತನ್ನ ಪಾಲನ್ನು ಹೇಳಲು ಅಲ್ಲಲ್ಲಿ ನಿಲ್ಲುತ್ತಿದ್ದ. ತೊರೆಯ ದಡದಲ್ಲಿ ಜೀಪು ಇಳಿದು ಏರುವಾಗ ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಮತ್ತೆ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಹೊಸ ಕಮಾನುಗಳು ಮೆಲ್ಲಗೆ ಕಿರುಗುಟ್ಟಿ ಭಾರವನ್ನು ತಗ್ಗಿಸಿ ಎತ್ತಿದವು. ಕೆಸರಿನಲ್ಲಿ ಹಿಂದೆ ಬಿದ್ದ ಜಾಡು ಒಂದೇ ಇತ್ತು.

ಮರುದಿನ ಡಾಕ್ಟರು ಮಾವನ ಕಣ್ಣನ್ನು ಪರೀಕ್ಷಿಸಿ, ಏನೂ ಆಗಿಲ್ಲ, ಅದೃಷ್ಟ, ಇನ್ನೊಮ್ಮೆ ಹೀಗೆ ಮಾಡಿದರೆ ನನ್ನ ಹತ್ತಿರ ಬರಬೇಡಿ ಎಂದು ಬೈದು ಕಳುಹಿಸಿದರು. ಆ ಬೈಗುಳ ಮನೆಯಲ್ಲಿ ಎಲ್ಲರಿಗೂ ಸಿಹಿಯಾಗಿ ಕೇಳಿಸಿತು.

ಹೊಸ ಕಮಾನು ಒಂದಿಷ್ಟು ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡುವುದು ಪದ್ಧತಿ. ಸೊಸೆ ಜೀಪಿನ ಸೀಟನ್ನು ಕಿತ್ತಳು. ಆದರೆ ಅದನ್ನು ಮೇಜಿನ ಪಕ್ಕಕ್ಕೆ ಒಯ್ಯಲಿಲ್ಲ. ಸೀಮೆಸುಣ್ಣದ ಗೆರೆಯ ಈಚೆಗೆ, ಗ್ಯಾರೇಜಿನ ಒಳಗೆ, ಜೀಪಿನ ಹಿಂದಿನ ಚಕ್ರ ಕೈಗೆಟುಕುವಷ್ಟು ಹತ್ತಿರ ಅದನ್ನು ಹಾಕಿ, ಹೊಸ್ತಿಲಾಚೆಯ ಕುರ್ಚಿಯ ಕಡೆ ನೋಡಿದಳು.

"ಬನ್ನಿ ಮಾವಾ. ಮಲಗೋದು, ಒತ್ತೋದು ನಂದು. ಬಿಗಿ ಸಾಕಾ ಅಂತ ಕೈಯಿಟ್ಟು ನೀವು ಹೇಳಿ. ಸೀಟು ಕೂರಿಸೋದು ಆಮೇಲೆ ಇಬ್ರೂ ಸೇರಿ."

ಮಾವ ತಮ್ಮ ನಟ್ಟಿನ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು, ಎಳೆಯ ಮದುಮಗನಂತೆ ಗಂಭೀರವಾಗಿ ಗೆರೆ ದಾಟಿ ಬಂದು ಸೀಟಿನ ಮೇಲೆ ಕೂತರು. ಸೊಸೆ ಪಾನಾ ಹಿಡಿದು ಜೀಪಿನ ಕೆಳಗೆ ಸರಿಯುವಷ್ಟರಲ್ಲಿ, ಕಿಟಕಿಯ ಬಳಿ ದಿಂಬಿಗೊರಗಿ ಅಂಗಳ ನೋಡುತ್ತಿದ್ದ ಅತ್ತೆಯ ದನಿ ಗ್ಯಾರೇಜಿನವರೆಗೂ ಬಂತು.

"ಮಾವ ಸೊಸೆ ಇಬ್ರೂ ಸೇರಿ ಏನು ಬೇಕಾದ್ರೂ ಬಿಗೀರಿ. ಮೊದಲು ಆ ಪೈಪು ವಾಪಸ್ ತಂದು ನಿಲ್ಸಿ. ಬಟ್ಟೆ ಇವತ್ತೂ ಮಣ್ಣು ಗುಡಿಸ್ತಾ ಇದೆ."